ಕೂಲಿಭೇದ ನಿರ್ಣಯ: ಬೋರನಕಣಿವೆ ಶಾಖೆ

ವೇದಕ್ಕೆ ಶಾಖೆಗಳಿರುವಂತೆ ಕೂಲಿಗೂ ಶಾಖೆಗಳುಂಟು. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿಸಿದ ಬೋರನಕಣಿವೆಯ ಆಸುಪಾಸಿನ ಶಾಖೆ. ತಿಪಟೂರು, ತುರುವೇಕೆರೆಗಳಲ್ಲೂ ಅಲ್ಪಸ್ವಲ್ಪ ಪಾಠಾಂತರದೊಡನೆ ಇದೇ ನಡೆಯುತ್ತದೆ. ಮೂಲಸೂತ್ರ ಚಿಕ್ಕದು: ಆಳು ಎರಡು ಬಗೆ, ಗಂಡಾಳು ಮತ್ತು ಹೆಣ್ಣಾಳು, ಎರಡನೆಯದರ ದರ ಮೊದಲನೆಯದರ ಅರ್ಧಕ್ಕೆ ಮೇಲೆ, ಮುಕ್ಕಾಲಿಗೆ ಆಚೀಚೆ. ಸೂತ್ರ ಊರಿಗೆಲ್ಲ ಕಂಠಪಾಠ. ಕಾರಣ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮತ.

ಹಳೆಯ ಮತ ಎತ್ತರವಾದಿಗಳದು. ತೆಂಗಿನ ಮರ ಹತ್ತುವವನು ಗಂಡಸು, ಬಿದ್ದರೆ ಸೊಂಟ ಮುರಿಯುವುದೂ ಅವನದೇ. ಆದ್ದರಿಂದ ಅವನಿಗೆ ಹೆಚ್ಚು. ಇದು ನ್ಯಾಯವಾದ ಮಾತು, ಒಪ್ಪಿದೆ. ಆದರೆ ಕಾಯಿ ಕಿತ್ತು ಮುಗಿದ ಮಾರನೆಯ ದಿನ ಅದೇ ಮರದ ಬುಡದಲ್ಲಿ, ನೆಲದ ಮೇಲೆ ಎರಡೂ ಕಾಲೂರಿ ಪಾತಿ ಮಾಡುವವನಿಗೂ ಗಂಡಾಳಿನ ದರವೇ. ಗುದ್ದಲಿ ಹಿಡಿದವನು ಎಲ್ಲಿಂದ ಬೀಳುತ್ತಾನೆ ಎಂಬ ಪ್ರಶ್ನೆಗೆ ಎತ್ತರವಾದಿಗಳಲ್ಲಿ ಉತ್ತರವಿಲ್ಲ.

ಆಗ ಭಾರವಾದಿಗಳು ಎದ್ದು ನಿಲ್ಲುತ್ತಾರೆ. ಭಾರದ ಕೆಲಸ ಗಂಡಸರದು ಎನ್ನುತ್ತಾರೆ. ತೋಟದ ತುಂಬ ಚೆಲ್ಲಾಡಿದ ಕಾಯಿಯನ್ನು ಆಯ್ದು, ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ರಾಶಿಗೆ ಸುರಿಯುವವರು ಯಾರೆಂದು ಒಂದು ಕೀಳಿನ ದಿನ ಹೋಗಿ ನೋಡಿದರೆ ಈ ಮತ ಅಲ್ಲಿಗೇ ಬಿದ್ದುಹೋಗುತ್ತದೆ.

ಮೂರನೆಯ ಮತ ಕಬ್ಬಿಣದ್ದು. ನೆಟ್ಟ ಕಬ್ಬಿಣಕ್ಕೆ ಕಾಯಿ ಚುಚ್ಚಿ ಸುಲಿಯುವವನ ಕೈಯಲ್ಲಿ ಕಸುಬಿದೆ, ಹೆಂಗಸರದು ಬರಿಗೈ ಕೆಲಸ ಎಂಬುದು ಇದರ ವಾದ. ಕುಡುಗೋಲು ಯಾವ ಲೋಹದ್ದು ಎಂದು ಕೇಳಬಾರದು. ಕೇಳುವವರು ಹೆಚ್ಚಾದ್ದರಿಂದ ಈಚೆಗೆ ಈ ಮತಕ್ಕೆ ತಿದ್ದುಪಡಿಯಾಗಿದೆ: ಕಬ್ಬಿಣ ಸಾಲದು, ಪೆಟ್ರೋಲೂ ಬೇಕು. ರಾಗಿ ಹೊಲದಲ್ಲಾಗಲಿ ತೋಟದ ಸಾಲಿನಲ್ಲಾಗಲಿ ಕೂತು ಕಳೆ ಕೀಳುವಾಗ ಅದು ಹೆಣ್ಣಾಳಿನ ಕೆಲಸ. ಅದೇ ಕಳೆಗೆ ಹೆಗಲಿಗೆ ನೇತುಹಾಕುವ ವೀಡ್ ಕಟರ್ ಬಂದ ದಿನ ಕೆಲಸ ಗಂಡಸಿನದಾಯಿತು, ದರವೂ ಏರಿತು. ಕಳೆಗೆ ಈ ವ್ಯತ್ಯಾಸ ಗೊತ್ತಿದ್ದಂತಿಲ್ಲ. ಬುಡದಿಂದ ಕಿತ್ತಾಗ ತಡವಾಗಿ, ಮೇಲೆ ಸವರಿದಾಗ ಬೇಗ ಬರುತ್ತದೆ.

ಹೊತ್ತಿನವಾದಿಗಳು ಸ್ವಲ್ಪ ಓದಿಕೊಂಡವರು. ಹೆಂಗಸರು ತಡವಾಗಿ ಬರುತ್ತಾರೆ ಎಂಬುದು ಅವರ ದೂರು. ಬರುತ್ತಾರೆ, ಸುಳ್ಳಲ್ಲ. ಮನೆಯಲ್ಲಿ ಹಿಟ್ಟು ತೊಳಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಎಮ್ಮೆಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಬಿಸಿಲೇರಿರುತ್ತದೆ. ಆದರೆ ಅವರು ಹೊರಡುವುದು ಬೈಗಿಗೆ. ಬೆಳಗ್ಗೆ ಬೇಗ ಬಂದ ಗಂಡಾಳು ಮಧ್ಯಾಹ್ನ ಎರಡಕ್ಕೆ ಟವೆಲ್ ಕೊಡವಿ ಎದ್ದರೂ ಅದು ಪೂರ್ತಿ ದಿನ ಎನಿಸಿಕೊಳ್ಳುತ್ತದೆ. ಶ್ರೀಮಂತ ದೇಶಗಳಲ್ಲೂ ಸಂಬಳದ ಅಂತರ ಹಿಗ್ಗುವುದು ಬಹುಮಟ್ಟಿಗೆ ಮೊದಲ ಮಗು ಹುಟ್ಟಿದ ಮೇಲೆ ಎಂದು ತೋರಿಸಿಕೊಟ್ಟ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಿಟ್ಟು ತೊಳಸಿ ಬರುವವರಿಗೆ ಇದರಲ್ಲಿ ಹೊಸದೇನೂ ಕಾಣದು.

ಇನ್ನು ಶ್ರುತಿಪ್ರಮಾಣ. ಸಂವಿಧಾನದ 39(ಡಿ) ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂದಿದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. 1987ರಲ್ಲಿ ಆಡ್ರೆ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಂಪನಿಯ ಆರ್ಥಿಕ ಸ್ಥಿತಿ ಸರಿಯಿಲ್ಲ ಎಂಬುದು ಹೆಂಗಸರಿಗೆ ಕಡಿಮೆ ಕೊಡಲು ನೆಪವಾಗದು ಎಂದಿತು. ಆ ಕಾಯ್ದೆಯನ್ನು ಒಳಗೊಂಡ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇಷ್ಟೆಲ್ಲ ಇದ್ದರೂ ಶಾಸ್ತ್ರಕ್ಕಿಂತ ರೂಢಿ ಬಲವಂತ ಎಂಬ ನ್ಯಾಯವೇ ತೋಟದಲ್ಲಿ ಗೆಲ್ಲುತ್ತದೆ. ರೂಢಿಯನ್ನು ಮುರಿದ ಒಂದೇ ಜಾಗ ಉದ್ಯೋಗ ಖಾತ್ರಿಯ ಕೆಲಸ. ಇಬ್ಬರಿಗೂ ಒಂದೇ ದರ. 2025-26ರಲ್ಲಿ ಕರ್ನಾಟಕಕ್ಕೆ 370 ರೂಪಾಯಿ. ತೋಟದ ಗಂಡಾಳಿಗೆ ಅದು ಕಮ್ಮಿ ಅನಿಸಿತು, ಹೆಣ್ಣಾಳಿಗೆ ವಾಸಿ ಅನಿಸಿತು. ದೇಶದ ಲೆಕ್ಕದಲ್ಲಿ ಆ ಯೋಜನೆಯ ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರವೇ ಆದುದಕ್ಕೆ ಇದೂ ಒಂದು ಕಾರಣ.

ಕೂಲಿಯೆಂದು ಕರೆಯದೆಯೇ ಕಡಿಮೆ ಕೊಡುವ ಸೂಕ್ಷ್ಮ ಪ್ರಭೇದವೊಂದಿದೆ. ಅದರ ಹೆಸರು ಗೌರವಧನ. ಆಶಾ, ಅಂಗನವಾಡಿ, ಬಿಸಿಯೂಟ, ಎಲ್ಲಿ ಹೆಂಗಸರೇ ತುಂಬಿದ್ದಾರೋ ಅಲ್ಲಿ ಸರ್ಕಾರ ಸಂಬಳದ ಬದಲು ಗೌರವ ಕೊಡುತ್ತದೆ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಗೌರವ ಸಾಕು, ದುಡ್ಡು ಕೊಡಿ ಎಂದು ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕೂತರು.

ಈಗ ಸಿದ್ಧಾಂತ. ಅದಕ್ಕೆ ಅಟ್ಟದ ಕೆಳಗೆ ಬರಬೇಕು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಉರುಳುತ್ತದೆ. ಸುಲಿದಾದ ಮೇಲೆ ಕರಟ ಬಿಡಿಸಬೇಕು. ಏಟು ಜೋರಾದರೆ ಉಂಡೆ ಸೀಳಿ ಹೋಳಾಗುತ್ತದೆ, ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಮೆಲ್ಲಗಾದರೆ ದಿನವೆಲ್ಲ ಕೂತರೂ ರಾಶಿ ಕರಗದು. ಬೆರಳಲ್ಲಿ ಕಾಯಿ ತಿರುಗಿಸುತ್ತ ತಟ್ಟುತ್ತ ಹೋದರೆ ಕರಟ ಚೂರುಚೂರಾಗಿ ಕಳಚಿ, ಕಂದು ಸಿಪ್ಪೆಗೆ ಗೀರೂ ಬೀಳದೆ ಗುಂಡಗಿನ ಕೊಬ್ಬರಿ ಕೈಗೆ ಬರುತ್ತದೆ. ಇದನ್ನು ಗಂಡಸರೂ ಮಾಡುತ್ತಾರೆ, ಹೆಂಗಸರೂ ಮಾಡುತ್ತಾರೆ. ಕಾಯಿ ಲೆಕ್ಕದಲ್ಲಿ ಕೊಡುವ ಕಡೆ ಸಾವಿರಕ್ಕೆ ಇಷ್ಟು ಅಷ್ಟೇ. ಬಿಡಿಸಿದ ಕೊಬ್ಬರಿಯನ್ನು ನೋಡಿ ಯಾರ ಕೈಯದೆಂದು ಹೇಳಲಾಗದು. ಅಡಿಕೆ ಸುಲಿಯುವಲ್ಲೂ ಹೀಗೇ. ಕಾಯಿ ಎಣಿಸಿದಲ್ಲಿ ಭೇದ ಕಾಣೆಯಾಗುತ್ತದೆ, ದಿನ ಎಣಿಸಿದಲ್ಲಿ ಹಾಜರಾಗುತ್ತದೆ. ದಿನಗೂಲಿಯಲ್ಲಿ ಬೆಲೆ ಕಟ್ಟುವುದು ಕೆಲಸಕ್ಕಲ್ಲ, ಆಳಿಗೆ.

ಕ್ರಿಕೆಟ್ ಮಂಡಳಿಯೂ ಈ ಶಾಖೆಗೆ ಸೇರಿದ್ದೇ. 2022ರ ಅಕ್ಟೋಬರ್‌ನಲ್ಲಿ ಪಂದ್ಯದ ಸಂಭಾವನೆಯನ್ನು ಗಂಡಸರಿಗೂ ಹೆಂಗಸರಿಗೂ ಸಮ ಮಾಡಿತು, ಟೆಸ್ಟ್‌ಗೆ 15 ಲಕ್ಷ. ವರ್ಷದ ಗುತ್ತಿಗೆಯಲ್ಲಿ ಮಾತ್ರ 2024-25ರಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ. ಪಂದ್ಯ ಎಣಿಸಿದಾಗ ಒಂದು, ವರ್ಷ ಎಣಿಸಿದಾಗ ಇನ್ನೊಂದು.

ಈ ಸಿದ್ಧಾಂತವನ್ನು ಹೆಣ್ಣಾಳುಗಳು ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ. ಐದಾರು ಜನ ಗುಂಪು ಕಟ್ಟಿಕೊಂಡು ಕಳೆಯನ್ನು ಗುತ್ತಿಗೆಗೆ ಒಪ್ಪಿಕೊಳ್ಳುತ್ತಾರೆ: ಹೊಲಕ್ಕೆ ಇಷ್ಟು, ಹೊತ್ತಿನ ಮಾತೇ ಇಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಮೇಲೆ ಆಳೇ ಸಿಗುವುದಿಲ್ಲ ಎಂದು ಹಲುಬುವ ತೋಟದವರು ಬೇರೆ ದಾರಿ ಕಾಣದೆ ಹೂಂ ಅನ್ನುತ್ತಾರೆ. ಪೇಚು ಶುರುವಾಗುವುದು ಬಟವಾಡೆಯಲ್ಲಿ.

“ಏನ್ರವ್ವ, ಹನ್ನೆರಡಕ್ಕೇ ಮುಗಿಸ್ಬಿಟ್ರಲ್ಲ!”

“ಮುಗಿಸ್ಬಾರ್ದಾಗಿತ್ತೇನಣ್ಣ?”

“ಹಂಗಲ್ಲಕ್ಕ, ಅರ್ಧ ದಿನಕ್ಕೇ ಗಂಡಾಳಿನ ದುಡ್ಡು ಬಿತ್ತಲ್ಲ ಅಂತ. ನಾಳೆ ಆ ಕಡೆ ಹೊಲಕ್ಕೆ ದಿನಗೂಲಿಗೇ ಬಂದ್ಬಿಡಿ.”

“ನಾಳೆ ಪಕ್ಕದೋರಿಗೆ ಗುತ್ತಿಗೆ ಒಪ್ಕೊಂಡಿದೀವಣ್ಣ.”