ಪಾಸ್‌ಪೋರ್ಟಿಗೆ ತಕ್ಕಡಿ ಇಲ್ಲ

ವಿದೇಶಕ್ಕೆ ಹೊರಟವರ ಮನೆಯಲ್ಲಿ ಚಟ್ನಿಪುಡಿ, ಹಪ್ಪಳ ತುಂಬಿದ ಸೂಟ್‌ಕೇಸನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ, 23 ಕಿಲೋ ದಾಟಿತೇ ಎಂದು ಮೂರು ಸಲ ನೋಡುತ್ತಾರೆ. ಪಾಸ್‌ಪೋರ್ಟನ್ನು ಮಾತ್ರ ಯಾರೂ ಬಿಚ್ಚಿ ನೋಡುವುದಿಲ್ಲ. ಅದಕ್ಕೆ ಏರ್‌ಲೈನ್‌ನವರು ಇದ್ದಾರಲ್ಲ! ಕೌಂಟರಿನಾಕೆ ಪುಟ ತಿರುವಿ, ಕೀಬೋರ್ಡ್ ಕುಟ್ಟಿ, ಬೋರ್ಡಿಂಗ್ ಪಾಸ್ ಕೈಗಿಟ್ಟರೆ ಆ ದೇಶವೇ ಆರತಿ ಹಿಡಿದು ನಿಂತಷ್ಟು ನೆಮ್ಮದಿ. ಆಕೆ ನೋಡಿದ್ದು ನಮಗಾಗಿ ಅಲ್ಲ, ಕಂಪನಿಯ ಗಂಟು ಕರಗದಿರಲಿ ಎಂದು. ಸರಿಯಾದ ಕಾಗದವಿಲ್ಲದವರನ್ನು ಕರೆತಂದ ಕಂಪನಿಗೆ ಬ್ರಿಟನ್ 1987ರಲ್ಲೇ ತಲೆಗೆ 1,000 ಪೌಂಡ್ ದಂಡ ಗೊತ್ತುಮಾಡಿತು. ಭಾರತದ 2000ದ ಕಾಯ್ದೆ 1 ಲಕ್ಷ ರೂಪಾಯಿ ಎಂದಿತು. ಗಡಿಯಲ್ಲಿ ಬೇಡವೆನಿಸಿಕೊಂಡವನನ್ನು ವಾಪಸು ಹೊತ್ತು ತರುವುದೂ ಕಂಪನಿಯ ಪಾಲೇ. ಆದರೂ ನಮ್ಮ ಹೊಣೆ ತಪ್ಪದು: ನಮ್ಮ ಸರ್ಕಾರಿ ಬಸ್ಸಿಗೆ ಚೆಕಿಂಗ್‌ನವರು ಹತ್ತಿದರೆ ಟಿಕೆಟ್ ಇಲ್ಲದವನಿಗೆ ದಂಡ, ಕಂಡಕ್ಟರಿಗೆ ಮೆಮೊ. ಕಂಡಕ್ಟರ್ ಕೇಳಲೇ ಇಲ್ಲ ಎಂದರೆ ದಂಡ ಮಾಫಿ ಆದೀತೇ?

‘ಊರೂರ ಕಾನೂನು ಬಡಪ್ರಯಾಣಿಕನಿಗೆ ಹೇಗೆ ಗೊತ್ತಾಗಬೇಕು? ಟಿಮ್ಯಾಟಿಕ್ ಎಂಬ ನಿಯಮಗಳ ಕಣಜ ಇರುವುದು ಏರ್‌ಲೈನ್‌ನವರ ಬಳಿ’ ಎನ್ನುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ. ಯುರೋಪಿನ ಷೆಂಗೆನ್ ದೇಶಗಳಿಗೆ ಹೋದರೆ, ಅಲ್ಲಿಂದ ಹೊರಟ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳ ಆಯುಸ್ಸು ಉಳಿದಿರಬೇಕು. ಮುಗಿಯದೆಯೂ ಮುಗಿದ ಪಾಸ್‌ಪೋರ್ಟ್ ಎಂಬ ಈ ವೇದಾಂತ ಯಾರಿಗೆ ತಾನೇ ತಟ್ಟನೆ ಹೊಳೆದೀತು? 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದಿತು. ಅಪ್ಪನನ್ನೂ ಊರನ್ನೂ ಇನಿಷಿಯಲ್ಲಿನಲ್ಲಿ ಮಡಚಿಟ್ಟುಕೊಂಡ ನಮ್ಮ ಕಡೆಯವರಿಗೆ ಸರ್‌ನೇಮ್ ಎಂಬ ಖಾನೆ ಮೊದಲೇ ತಲೆನೋವು. ಆದರೂ ಟಿಮ್ಯಾಟಿಕ್ ಹೇಳುವುದು ನಿಯಮವನ್ನು ಮಾತ್ರ. ವೀಸಾ ಇರುವ ಹಳೆಯ ಪಾಸ್‌ಪೋರ್ಟು ಬೀರುವಿನಲ್ಲೇ ಉಳಿಯಿತು ಎಂದು ಅದು ನೆನಪಿಸುವುದಿಲ್ಲ. ಕಾಗದ ನಮ್ಮದು, ಹೆಸರು ನಮ್ಮದು, ಹೊಣೆಯೂ ನಮ್ಮದೇ.

ಹಾಗೆಂದು ಕೌಂಟರಿನ ಮಾತೇ ವೇದವಾಕ್ಯವಲ್ಲ. ಸೈಪ್ರಸ್‌ನ ಲಾರ್ನಾಕಾದಿಂದ ಬುಖಾರೆಸ್ಟ್‌ಗೆ ಹೊರಟ ಪ್ರಯಾಣಿಕರೊಬ್ಬರನ್ನು ಕಾಗದ ಸಾಲದೆಂದು ತಡೆದ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2020ರಲ್ಲಿ ಹೇಳಿದ್ದು ಇದನ್ನೇ: ತಡೆದದ್ದು ಸಮಂಜಸವೇ ಎಂಬುದು ಕಂಪನಿ ತಾನೇ ತೀರ್ಮಾನಿಸುವ ವಿಷಯವಲ್ಲ, ಅದನ್ನು ನ್ಯಾಯಾಲಯ ತೂಗಬೇಕು; ಪರಿಹಾರ ಕೊಡುವುದಿಲ್ಲ ಎಂಬ ಷರತ್ತನ್ನು ಮುಂಚೆಯೇ ಬರೆದಿಟ್ಟರೂ ನಡೆಯದು. ತಮ್ಮ ಕಿಸೆ ಕಾಯಲು ಬಾಗಿಲಲ್ಲಿ ನಿಂತವರು ತಪ್ಪು ಮನುಷ್ಯನನ್ನು ತಡೆದರೆ ಅದೇ ಕಿಸೆಯಿಂದ ತೆರಲಿ.

ಮುಂದಿನ ಸಲ ಸೂಟ್‌ಕೇಸನ್ನು ತಕ್ಕಡಿಗೆ ಏರಿಸುವ ಮುಂಚೆ ಪಾಸ್‌ಪೋರ್ಟಿನ ಕೊನೆಯ ದಿನಾಂಕವನ್ನೊಮ್ಮೆ ಓದಿಬಿಡಿ ಮಾರಾಯರೇ. ಹಪ್ಪಳ ಈಗ ಅಲ್ಲಿಯೂ ಸಿಗುತ್ತದೆ.