ತೋಟಾ ಕೃಷಿ

“ತೋಟಾ ಮಾಡೋಕೆ ಶುರು ಮಾಡಿದ್ದೀನಮ್ಮಾ” ಎಂದು ಅಮೆರಿಕದ ಫೀನಿಕ್ಸಿನಿಂದ ಫೋನ್ ಮಾಡಿದಾಗ ತೀರ್ಥಹಳ್ಳಿಯಲ್ಲಿದ್ದ ಅಮ್ಮ ಹಿಗ್ಗಿಹೋದಳು. “ಆ ಮರಳುಗಾಡಲ್ಲಿ ನೀರಿಗೇನು ಮಾಡ್ತೀಯೋ? ಎಷ್ಟು ಗಿಡ ಹಾಕ್ದೆ?” ಅದು ಅಡಿಕೆ ತೋಟವಲ್ಲ, ಕೋವಿಗೆ ಹಾಕುವ ತೋಟಾ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವಳ ಉತ್ಸಾಹ ಇಳಿದುಹೋಗಿತ್ತು. “ಅಜ್ಜಯ್ಯನ ಚಾಳಿ” ಎಂದಳು.

ಅಜ್ಜಯ್ಯನದು ಕೇಪಿನ ಕೋವಿ. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬರುತ್ತಿತ್ತು. ಉಳಿದ ದಿನಗಳಲ್ಲಿ ಅದಕ್ಕೆ ಮಂಗ ಓಡಿಸುವ ಕೆಲಸ. ಮಂಗ ಬಂತೆಂದರೆ ಅಜ್ಜಯ್ಯ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಕುಟ್ಟಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಕೇಪು ಕೂರಿಸುವಷ್ಟರಲ್ಲಿ ಮಂಗಗಳು ನಮ್ಮ ಬಾಳೆಗೊನೆ ಮುಗಿಸಿ ಪಕ್ಕದವರ ತೋಟಕ್ಕೆ ದಾಟಿರುತ್ತಿದ್ದವು. ಆದರೂ ಈಡು ಹಾರಿಸದೆ ಬಿಡುತ್ತಿರಲಿಲ್ಲ. ತುಂಬಿದ್ದನ್ನು ಖಾಲಿ ಮಾಡಬೇಕಲ್ಲ!

ನನಗೆ ದೀಕ್ಷೆ ಕೊಟ್ಟವರು ಪಕ್ಕದ ಮನೆಯ ನಿವೃತ್ತ ಅಂಚೆಯವರು. ಅವರ ತರ್ಕ ಸರಳ. ತೋಟಾಕ್ಕೆ ನಾಲ್ಕೇ ಅಂಗ: ಹಿತ್ತಾಳೆಯ ಕೋಶ, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ತುದಿಗೆ ಗುಂಡು. ಹೊಡೆದಾಗ ಮೂರು ಖರ್ಚಾಗುತ್ತವೆ, ಹಿತ್ತಾಳೆ ಉಳಿಯುತ್ತದೆ. ನಾಲ್ಕರಲ್ಲಿ ದುಬಾರಿಯೂ ಅದೇ. ಅದನ್ನೇ ಮತ್ತೆ ತುಂಬಿಕೊಂಡರೆ ಉಳಿತಾಯ. ನಿಮ್ಮ ಸ್ವಂತಕ್ಕೆ ಎಷ್ಟು ಬೇಕಾದರೂ ಮಾಡಿಕೊಳ್ಳಿ, ಮಾರಲು ಹೊರಟರೆ ಮಾತ್ರ ಸರ್ಕಾರದ ಲೈಸೆನ್ಸ್ ಬೇಕು ಎಂದರು. ಹಿತ್ತಾಳೆ ಎಸೆಯುವುದು ನಮ್ಮ ವಂಶದಲ್ಲೇ ಇಲ್ಲ. ಒಪ್ಪಿಬಿಟ್ಟೆ.

ಪ್ರೆಸ್ಸು, ಅಚ್ಚುಗಳು, ತಕ್ಕಡಿ, ಕ್ಯಾಲಿಪರ್, ಕೋಶ ತೊಳೆಯುವ ಯಂತ್ರ ಎಲ್ಲವೂ ಗ್ಯಾರೇಜಿಗೆ ಬಂದವು. ಹಾಲಿನ ಖರ್ಚು ಉಳಿಸಲು ಎಮ್ಮೆ ಕಟ್ಟಿ, ಎಮ್ಮೆಗಾಗಿ ಕೊಟ್ಟಿಗೆ ಕಟ್ಟಿಸಿ, ಕೊಟ್ಟಿಗೆಗಾಗಿ ಸಾಲ ಮಾಡಿದ ಹಾಗಾಯಿತು. ಅಂಗಡಿಯಲ್ಲಿ ಇಪ್ಪತ್ತು ತೋಟಾದ ಡಬ್ಬಿ ಕಂಡಾಗಲೆಲ್ಲ ನಾನೀಗ ಮುಖ ತಿರುಗಿಸಿಕೊಂಡು ನಡೆಯುತ್ತೇನೆ.

ಹೆಂಡತಿ ಒಂದು ಸಂಜೆ ಗ್ಯಾರೇಜಿಗೆ ಇಣುಕಿ, ಪ್ರೆಸ್ಸಿನ ಹಿಡಿ ಒತ್ತುತ್ತಿದ್ದ ನನ್ನನ್ನು ನೋಡಿದಳು. “ಶಾವಿಗೆ ಒರಳಲ್ವೇನ್ರೀ ಇದು? ಮೂವತ್ತು ವರ್ಷದಲ್ಲಿ ಒಂದು ದಿನ ಚಕ್ಕುಲಿ ಒತ್ತೋಕೆ ಕರೆದ್ರೆ ಬರಲಿಲ್ಲ!”

ಸುಳ್ಳಲ್ಲ. ಅಡುಗೆಮನೆ ಕಂಡರೆ ಓಡುವ ಗಂಡಸರು ಕಟ್ಟಿಕೊಂಡ ಅಡುಗೆಮನೆಯೇ ಇದು. ಕೋಶದ ಕಿಲುಬು ತೆಗೆಯಲು ಅಂಚೆಯವರು ನೀರಿಗೆ ಸಿಟ್ರಿಕ್ ಆಸಿಡ್ ಹಾಕುತ್ತಾರೆ. ಹಬ್ಬದ ಹಿಂದಿನ ದಿನ ಅಮ್ಮ ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದಕ್ಕೂ ಇದಕ್ಕೂ ಹುಳಿಯಲ್ಲೇನೂ ವ್ಯತ್ಯಾಸವಿಲ್ಲ. ಮದ್ದಿನ ಅಳತೆಯ ಘಟಕ ಗ್ರೇನು, ಅಂದರೆ ಕಾಳು. ಒಂದು ಪೌಂಡಿಗೆ 7000. ನಮ್ಮ ಅಕ್ಕಸಾಲಿಗರ ಗುಲಗಂಜಿ ಹತ್ತಿರ ಹತ್ತಿರ ಎರಡು ಗ್ರೇನ್ ತೂಗುತ್ತದೆ. ಅಮ್ಮನ ಕಣ್ಣಳತೆ ಮಾತ್ರ ಇಲ್ಲಿ ಸಲ್ಲದು. ಕೈಪಿಡಿಯಲ್ಲಿರುವ ಗರಿಷ್ಠಕ್ಕಿಂತ ಕೆಳಗಿನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಏರಬೇಕು. ಮದ್ದು ಹಾಕಿದ ಮೇಲೆ ಸಾಲಾಗಿ ನಿಲ್ಲಿಸಿದ ಕೋಶಗಳೊಳಗೆ ಟಾರ್ಚ್ ಬಿಟ್ಟು, ಯಾವುದಕ್ಕಾದರೂ ಎರಡು ಸಲ ಬಿದ್ದಿದೆಯೇ ಎಂದು ಒಂದೊಂದನ್ನೂ ನೋಡಬೇಕು. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಊಟ ಕೆಡುತ್ತದೆ. ಇಲ್ಲಿ ಕೋವಿಯೇ ಸಿಡಿಯುತ್ತದೆ, ಹಿಡಿದ ಕೈಯ ಸಮೇತ. ಆ ಹೊತ್ತಿನಲ್ಲಿ ನನ್ನ ಫೋನ್ ಅಡುಗೆಮನೆಯಲ್ಲಿರುತ್ತದೆ.

“ಮೊದಲು ರಿವಾಲ್ವರಿನ ಪಾಯಿಂಟ್ 38 ಸ್ಪೆಷಲ್ ಕಲಿ, ಕಾರ್ಬೈಡ್ ಅಚ್ಚಾದರೆ ಕೋಶಕ್ಕೆ ಜಿಡ್ಡು ಸವರುವ ತಾಪತ್ರಯವಿಲ್ಲ” ಎಂದಿದ್ದರು ಅಂಚೆಯವರು. ನಾನು ಕೇಳದೆ ರೈಫಲ್ಲಿನ ಪಾಯಿಂಟ್ 308ಕ್ಕೆ ಕೈ ಹಾಕಿದೆ. ಹೊಡೆದ ಕೋಶ ಹಿಗ್ಗಿರುತ್ತದೆ. ಅಚ್ಚಿನೊಳಗೆ ಒತ್ತಿ ಮೊದಲಿನ ಗಾತ್ರಕ್ಕೆ ತರಬೇಕು. ಒತ್ತುವ ಮೊದಲು ಜಿಡ್ಡು ಸವರಬೇಕು. ಏಳು ಕೋಶಕ್ಕೆ ಸವರಿದೆ, ಎಂಟನೆಯದಕ್ಕೆ ಮರೆತೆ. ಅದು ಅಚ್ಚಿನೊಳಗೆ ಕಚ್ಚಿಕೊಂಡಿತು. ಬಲ ಹಾಕಿದೆ. ಬುಡದ ಅಂಚು ಹರಿದು ಕೈಗೆ ಬಂತು, ಉಳಿದದ್ದು ಅಲ್ಲೇ ಕೂತಿತು. “ಬಾಳೆಎಲೆಗೆ ಎಣ್ಣೆ ಸವರದೆ ಹೋಳಿಗೆ ತಟ್ಟಿದ್ರೆ ಏಳತ್ತೇನ್ರೀ?” ಎಂದಳು ಹೆಂಡತಿ. ಅದನ್ನು ತೆಗೆಯುವುದಕ್ಕೇ ಬೇರೊಂದು ಸಲಕರಣೆ ಮಾರುತ್ತಾರೆ. ಅದನ್ನೂ ಕೊಂಡೆ.

ಇನ್ನೊಂದು ತಮಾಷೆಯಿದೆ. ಪ್ರೈಮರಿನಲ್ಲಿ ಎರಡು ಮನೆತನ, ಎರಡಕ್ಕೂ ಪೇಟೆಂಟ್ ಸಿಕ್ಕಿದ್ದು 1866ರಲ್ಲಿ. ಬರ್ಡನ್ ಎಂಬಾತ ಅಮೆರಿಕದವನು, ಅವನ ವಿಧಾನ ಒಗ್ಗಿದ್ದು ಯುರೋಪಿಗೆ. ಬಾಕ್ಸರ್ ಇಂಗ್ಲೆಂಡಿನವನು, ಅವನನ್ನು ತಲೆಯ ಮೇಲೆ ಹೊತ್ತದ್ದು ಅಮೆರಿಕ. ಕೊಟ್ಟ ಹೆಣ್ಣು, ತಂದ ಹೆಣ್ಣು ಅದಲುಬದಲಾದಂತೆ. ಬಾಕ್ಸರನ ಕೋಶಕ್ಕೆ ನಡುವೆ ಒಂದೇ ತೂತು. ಕಡ್ಡಿ ತೂರಿಸಿದರೆ ಹಳೆಯ ಪ್ರೈಮರ್ ಟಪ್ಪೆಂದು ಉದುರುತ್ತದೆ. ಬರ್ಡನನದಕ್ಕೆ ಪಕ್ಕಕ್ಕೆ ಸರಿದ ಎರಡು ತೂತು. ನನ್ನ ಕಡ್ಡಿ ಮುರಿದ ಮೇಲೆಯೇ ಈ ಇತಿಹಾಸ ಓದಿದ್ದು.

ಮೊದಲ ಹತ್ತು ತೋಟಾ ರೇಂಜಿನಲ್ಲಿ ಸರಿಯಾಗಿ ಹಾರಿದ ದಿನ ಗುಂಡು ಎಲ್ಲಿ ಬಿತ್ತೆಂದು ನಾನು ನೋಡಲೇ ಇಲ್ಲ. ಕಣ್ಣು ಹಾರಿಬಿದ್ದ ಕೋಶಗಳ ಮೇಲಿತ್ತು. ವಿರಾಮದ ಗಂಟೆಯಾದ ಮೇಲೆ ಮರದಡಿಯ ಅಡಿಕೆ ಹೆಕ್ಕುವವನಂತೆ ಬಗ್ಗಿದೆ. ನನ್ನ ಹತ್ತು ಸಿಕ್ಕವು. ಪಕ್ಕದ ಹುಡುಗ ತನ್ನವು ಬೇಡ ಎಂದ, ಅವನ್ನೂ ಹೆಕ್ಕಿದೆ. ಪ್ಯಾಂಟಿನ ಜೇಬು ಜೋತುಬಿದ್ದಿತ್ತು.

ಭಾನುವಾರ ವಾಷಿಂಗ್ ಮೆಷಿನ್ನಿನಿಂದ ದೇವಸ್ಥಾನದ ಮಂಗಳಾರತಿಯಂತೆ ಟಣಟಣ ಸದ್ದು. ಹೆಂಡತಿ ಮುಚ್ಚಳ ತೆಗೆದು, ಬೊಗಸೆ ತುಂಬ ಹೊಳೆಯುವ ಹಿತ್ತಾಳೆ ಎತ್ತಿ ಹಿಡಿದು ಕೂಗಿದಳು: “ರೀ, ನಿಮ್ಮ ಫಸಲು ತೊಳೆದಾಯ್ತು. ಒಣಗಿಸೋಕೆ ಅಂಗಳಕ್ಕೆ ಹರವಲಾ?”