ರಸ್ತೆ ಬಿಡಿ, ಕಣ ಕೇಳಿ: ಹಿರೋಳ್ಳಿಯ ತಮ್ಮಂದಿರಿಗೆ ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ,

ವಾಗ್ದರಿ–ರಿಬ್ಬನಪಲ್ಲಿ ಹೆದ್ದಾರಿಯ ಮೇಲೆ ಗಾಡಿಯ ಮುಂದಿನ ಗಾಲಿ ಎತ್ತಿಕೊಂಡು ಹೋಗುವ ನಿಮಗೆ ಬುದ್ಧಿ ಹೇಳುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಈ ವಿದ್ಯೆಯನ್ನು ನಾನೂ ಕಲಿತಿದ್ದೇನೆ, ಇದು ವಿದ್ಯೆಯೇ ಎಂದು ನಂಬಿದ್ದೇನೆ. ಅದಕ್ಕೇ ನಿಮ್ಮನ್ನು ರಸ್ತೆಯ ಮೇಲೆ ಕಂಡರೆ ಸಂಕಟವಾಗುತ್ತದೆ.

ಆ ರಸ್ತೆ ಎಂಥದೆಂದು ನಿಮಗೇ ಗೊತ್ತು. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಭೂಸನೂರಿನ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು, ಎಷ್ಟಕ್ಕೋ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಅಕ್ಕಲಕೋಟೆಗೆ, ಗಾಣಗಾಪುರಕ್ಕೆ ಭಕ್ತರನ್ನು ತುಂಬಿಕೊಂಡು ಓಡುವ ಕ್ರೂಸರ್‌ಗಳು. ರಾಶಿ ಕಾಲಕ್ಕೆ ಅರ್ಧ ರಸ್ತೆಯಗಲ ಹರವಿದ ತೊಗರಿ, ಜೋಳ. ಗಾಲಿ ಎತ್ತಿದ ಸವಾರನಿಗೆ ಇವ್ಯಾವೂ ಸರಿಯಾಗಿ ಕಾಣುವುದಿಲ್ಲ. ಕಣ್ಣ ಮುಂದೆ ಇರುವುದು ಮೀಟರು, ಅದರಾಚೆ ಆಕಾಶ. ಮುಂದಿನ ಬ್ರೇಕು ಕೆಲಸಕ್ಕೆ ಬಾರದು, ಹ್ಯಾಂಡಲ್ ಹೊರಳಿಸಿದರೆ ಗಾಡಿ ಹೊರಳದು. ಎದುರಿಗೆ ಹೊಲದಿಂದ ಮರಳುವ ಮುದುಕನೊಬ್ಬ ಸೈಕಲ್ ತಳ್ಳಿಕೊಂಡು ಬರುತ್ತಿದ್ದರೆ, ಅವನು ಬದುಕುವುದು ಅವನ ಅದೃಷ್ಟದಿಂದಲೇ ಹೊರತು ನಿಮ್ಮ ಕೈಚಳಕದಿಂದಲ್ಲ. ಬಿದ್ದವರನ್ನು ಮೊದಲು ಆಳಂದಕ್ಕೆ ಒಯ್ಯಬೇಕು. ಅಲ್ಲಿ ಆಗದೆಂದರೆ ಮತ್ತೆ ಸುಮಾರು 40 ಕಿ.ಮೀ. ದೂರದ ಕಲಬುರಗಿ, ಇಲ್ಲವೇ ಸೊಲ್ಲಾಪುರ.

ಜನರ ತಾಳ್ಮೆಯೂ ಮುಗಿದಿದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ತುಮಕೂರು ಹೆದ್ದಾರಿಯ ಮೇಲ್ಸೇತುವೆಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದ ಹುಡುಗರ ಸ್ಕೂಟರ್‌ಗಳನ್ನು ರೊಚ್ಚಿಗೆದ್ದ ಜನ ಎತ್ತಿ ಕೆಳಕ್ಕೆ ಎಸೆದರು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಗಂಗಾವತಿಯ ವ್ಹೀಲಿಂಗ್ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿ, ಇದನ್ನು ತಡೆಯಲು ಈಗಿರುವ ಕಾನೂನು ಸಾಲದು ಎಂದಿತು. ನಿಮ್ಮಲ್ಲಿ 18 ತುಂಬದವರು ಇನ್ನೊಂದನ್ನು ತಿಳಿದಿರಿ. ನೀವು ಮಾಡಿದ ತಪ್ಪಿಗೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಅಪ್ಪನಿಗೆ 3 ವರ್ಷದವರೆಗೆ ಜೈಲು, ₹25,000 ದಂಡ; ನಿಮಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ.

ಇನ್ನು ನಾನು ಹೇಳಬೇಕೆಂದು ಕೂತ ಮಾತಿಗೆ ಬರುತ್ತೇನೆ. ಗಾಡಿಯಾಟದಲ್ಲಿ ನನಗೆ ಎಲ್ಲಕ್ಕಿಂತ ಮೇಲು ಎನಿಸಿದ್ದಕ್ಕೆ ರಸ್ತೆಯೇ ಬೇಡ. ಅದು ಕುಂತು ಹೊಡೆಯುವ ಸರ್ಕಲ್ ವ್ಹೀಲಿ. ಸೀಟಿನ ಮೇಲೆ ಕುಳಿತು, ಮುಂದಿನ ಗಾಲಿ ಮೇಲಿಟ್ಟು, ಒಂದೇ ಜಾಗದಲ್ಲಿ ಸುತ್ತು ಹಾಕುವುದು. ವೇಗ ಎಷ್ಟು? ಪಕ್ಕದಲ್ಲಿ ಒಬ್ಬ ಓಡುತ್ತ ಬಂದರೆ ಜೊತೆಗೂಡಬಹುದಾದಷ್ಟು. ರಸ್ತೆಯ ಮೇಲೆ ವೇಗವೇ ಗಾಡಿಯನ್ನು ಎತ್ತಿ ಹಿಡಿಯುತ್ತದೆ, ಹುಡುಗ ಸುಮ್ಮನೆ ಕೂತಿರುತ್ತಾನೆ. ಇಲ್ಲಿ ಗಾಡಿಯನ್ನು ಹಿಡಿಯುವವರು ನೀವೇ.

ಕಲಿಕೆ ಶುರುವಾಗುವುದು ಗಾಲಿ ಎತ್ತುವುದರಿಂದಲ್ಲ, ಇಳಿಸುವುದರಿಂದ. ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟು ಗೇಣುದ್ದ ಎತ್ತಿ, ಬಲಗಾಲಿನಿಂದ ಹಿಂದಿನ ಬ್ರೇಕ್ ಒತ್ತಿ ಇಳಿಸಬೇಕು. ಮತ್ತೆ ಎತ್ತಿ, ಮತ್ತೆ ಇಳಿಸಬೇಕು. ಗಾಡಿ ಹಿಂದಕ್ಕೆ ಬೀಳುತ್ತಿದೆ ಎಂದು ತಲೆಗೆ ಹೊಳೆಯುವ ಮುಂಚೆಯೇ ಕಾಲು ಬ್ರೇಕನ್ನು ಒತ್ತಿರಬೇಕು. ಆ ರೂಢಿ ಬರುವವರೆಗೆ ಸುತ್ತಿನ ಮಾತು ಬೇಡ. ಆಮೇಲೆ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುತ್ತಾರೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಇಂಜಿನ್ ಎಳೆಯುವ ಹಾಗೆ. ಹಿಂದಿನ ಚೈನ್ ಚಕ್ರವನ್ನು ದೊಡ್ಡದು ಹಾಕಿಸುತ್ತಾರೆ, ಹಿಂದಿನ ಟೈರಿನ ಗಾಳಿ ಇಳಿಸುತ್ತಾರೆ. ಸೀಟಿನ ಹಿಂದೆ ಕಬ್ಬಿಣದ ಬಾರ್ ಬೆಸೆಯುತ್ತಾರೆ. ಗಾಡಿ ಪೂರ್ತಿ ನೆಟ್ಟಗೆ ನಿಂತರೆ ಅದು ಮೊದಲು ನೆಲಕ್ಕೆ ತಾಗಿ ನಿಮ್ಮ ಬೆನ್ನನ್ನು ಕಾಯುತ್ತದೆ.

ಸುತ್ತನ್ನು ಎಡಕ್ಕೇ ಶುರು ಮಾಡಿ. ಮೈ ಎಡಕ್ಕೆ ವಾಲಿದಾಗ ಬಲಗಾಲು ಬ್ರೇಕಿನ ಮೇಲೆ ನಿರಾಳವಾಗಿ ಕೂರುತ್ತದೆ. ಮಂಡಿಗಳು ಟ್ಯಾಂಕನ್ನು ಅಪ್ಪಿರಬೇಕು. ಕತ್ತನ್ನು ಪೂರ್ತಿ ಹೊರಳಿಸಿ, ಸುತ್ತಿನ ಆಚೆ ಬದಿಯಲ್ಲಿ ನೀವು ಹೋಗಿ ಮುಟ್ಟಬೇಕಾದ ನೆಲವನ್ನು ನೋಡುತ್ತಿರಬೇಕು. ಕಣ್ಣು ಎಲ್ಲಿಗೋ ಗಾಡಿಯೂ ಅಲ್ಲಿಗೇ. ಸುತ್ತು ಬಿಗಿಯಾಗಿ ಗಾಡಿ ಒಳಕ್ಕೆ ಕುಸಿಯುತ್ತಿದ್ದರೆ ಚೂರು ಆಕ್ಸಿಲರೇಟರ್. ಸುತ್ತು ಹಿಗ್ಗಿ ಗಾಲಿ ಮೇಲೇರುತ್ತಿದ್ದರೆ ಚೂರು ಬ್ರೇಕ್. ಆ ಎರಡು ಚೂರುಗಳ ನಡುವೆ ಇಂಜಿನ್ನಿನ ಸದ್ದು ಒಂದೇ ಸಮನೆ ಆಗುವ ಗಳಿಗೆಯೊಂದು ಬರುತ್ತದೆ. ಆಗ ಗಾಡಿಯ ತೂಕವೇ ಗೊತ್ತಾಗುವುದಿಲ್ಲ. ಅದರ ಸುಖ ಉಂಡವನಿಗೆ ಹೆದ್ದಾರಿಯಲ್ಲಿ ಗಾಲಿ ಎತ್ತುವುದು ಸಪ್ಪೆ ಎನಿಸುತ್ತದೆ, ನಿಜವಾಗಿ ಹೇಳುತ್ತೇನೆ. ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಬಂದರೆ ಇಳಿದು ಕುಳಿತುಕೊಳ್ಳಿ. ಇಂಜಿನ್ನಿಗೂ ಬಿಡುವು ಕೊಡಿ. ಗಾಡಿ ನೆಟ್ಟಗಾದಾಗ ಆಯಿಲ್ ಹಿಂದಕ್ಕೆ ಸರಿದು ಪಂಪಿಗೆ ಸಿಗದೆ ಹೋಗಬಹುದು. ಎಷ್ಟೋ ಇಂಜಿನ್‌ಗಳು ಸೀಜ್ ಆಗುವುದು ಹೀಗೆಯೇ.

ಇಂಥ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಕಂಪನಿ ಕೊಟ್ಟದ್ದನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. ಟೆಂಪೋದಲ್ಲಿ ಹೇರಿಕೊಂಡು ಬಯಲಿಗೆ ಒಯ್ಯಬೇಕು. 2009ರಲ್ಲಿ ಎಂಟಿವಿಯಲ್ಲಿ ಬಂದ ಪಲ್ಸರ್ ಸ್ಟಂಟ್‌ಮೇನಿಯಾ ನೋಡಿ ಈ ಹುಚ್ಚು ಹತ್ತಿಸಿಕೊಂಡ ಪೀಳಿಗೆ ನನ್ನದು. ನಾಲ್ಕು ಸಲ ಸ್ಟಂಟ್ ವಿಶ್ವ ಚಾಂಪಿಯನ್ ಆದ ಜರ್ಮನಿಯ ಕ್ರಿಸ್ ಫೈಫರ್ ತೋರಿಸಿದ ಆಟವೂ ಬೇಲಿ ಹಾಕಿದ ಅಂಗಳದ ಆಟವೇ. ಅಲ್ಲಿ ಎದುರಿಗೆ ಯಾವ ಕ್ರೂಸರೂ ಬರುವುದಿಲ್ಲ.

ಹಾಗಾದರೆ ನಮ್ಮೂರ ಅಂಗಳ ಎಲ್ಲಿದೆ? ಇದು ನಿಮ್ಮ ಮೇಲಷ್ಟೇ ಹಾಕುವ ತಪ್ಪಲ್ಲ. ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ಗಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಗಟ್ಟಿಯಾದ, ಸಪಾಟಾದ, ಒಣಗಿದ ನೆಲ ಬೇಕೆಂದರೆ ಊರಿಗೆಲ್ಲ ಇರುವುದು ಡಾಂಬರು ರಸ್ತೆಯೊಂದೇ. ರೈತ ತೊಗರಿ ತಂದು ರಸ್ತೆಗೆ ಹರವುವುದೂ ಅದೇ ಕಾರಣಕ್ಕೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ, ಲಾರಿ ಗಾಲಿಯ ಕೆಳಗೆ ಒಕ್ಕಣೆಯಾಗುತ್ತಿದೆ. ಅಪ್ಪ ಕಣವಿಲ್ಲದೆ ರಸ್ತೆಗೆ ಬಂದಿದ್ದಾನೆ, ಮಗನೂ ಅದಿಲ್ಲದೆಯೇ ರಸ್ತೆಗೆ ಬಂದಿದ್ದಾನೆ.

ಈಗ ಈ ಪತ್ರವನ್ನು ಊರ ಹಿರಿಯರೂ ಪಂಚಾಯಿತಿ ಸದಸ್ಯರೂ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ಊರೊಳಗಿನ ಗಾಂವಠಾಣದಲ್ಲೋ ದನ ಮೇಯುವ ಗಾಯರಾಣದಲ್ಲೋ ಒಂದು ಸಿಮೆಂಟ್ ಕಣ ಹಾಕಿಸಿರಿ, 30 ಮೀಟರ್ ಉದ್ದ, ಅಷ್ಟೇ ಅಗಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದು ರಾಶಿಯ ಕಣ. ಉಳಿದ ತಿಂಗಳು ಸಂಜೆ ಹೊತ್ತು ಹುಡುಗರಿಗೆ ಬಿಟ್ಟುಕೊಡಿರಿ. ಆಯಿಲ್ ಚೆಲ್ಲಿ ಕಾಳು ಕೆಡುತ್ತದೆ ಎನ್ನುವಿರಿ. ಆ ಅಂಜಿಕೆ ಸರಿಯಾದದ್ದೇ. ಸುಗ್ಗಿಗೆ ಮುಂಚೆ ಹುಡುಗರೇ ಸೋಪಿನ ನೀರು ಹಾಕಿ ತಿಕ್ಕಿ ತೊಳೆಯಬೇಕು, ಮೇಲೆ ತಾಡಪತ್ರಿ ಹಾಸಬೇಕು ಎಂದು ಕರಾರು ಬರೆಸಿಕೊಳ್ಳಿರಿ. ಹೆಲ್ಮೆಟ್, ಮಂಡಿಗೂ ಮೊಣಕೈಗೂ ಕಟ್ಟು, ಗಾಡಿಗೆ ಬಿದ್ದಾಗ ಇಂಜಿನ್ ಕಾಯುವ ಕಬ್ಬಿಣದ ಕೇಜ್ ಇಲ್ಲದವನನ್ನು ಕಣಕ್ಕೆ ಹತ್ತಿಸಬೇಡಿರಿ. 18 ತುಂಬದವನಿಗೆ ನೋಡಲು ಮಾತ್ರ ಬಿಡಿರಿ.

ತಮ್ಮಂದಿರೇ, ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದುಕೊಂಡು ಬನ್ನಿ, ರೈತರ ಸಹಿಯನ್ನೂ ಹಾಕಿಸಿ. ನಿಮ್ಮ ಜೊತೆ ನಾನೂ ಕೂರುತ್ತೇನೆ. ಕಣ ಆಗಿದ್ದೇ ತಡ, ನನ್ನ ಹಳೆಯ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಇಳಿಸುತ್ತೇನೆ. ಕೇಜ್ ಅದಕ್ಕಿದೆ, ಹಿಂದಿನ ಬಾರ್ ಇದೆ. ಮೊದಲ ವಾರ ಬ್ರೇಕ್ ಒತ್ತುವುದನ್ನಷ್ಟೇ ಕಲಿಸುತ್ತೇನೆ.

ನಿಮ್ಮವನೇ ಆದ,
ಆಳಂದ ತಾಲ್ಲೂಕಿನ ಒಬ್ಬ ಸವಾರ